ಗಾಳಿ ಹೋಗಿಬರುವ ದಾರಿಯೇ ಇಲ್ಲಿ ಕಟ್ಟಡ: ಪ್ಯಾರಿಸಿನ ಐಫೆಲ್ ಪ್ರಯೋಗಾಲಯದ ಬಗ್ಗೆ ಚರ್ಚೆ

ಹಳೆಕಟ್ಟಡ (ಚರ್ಚೆ ಶುರು ಮಾಡಿದವರು)

ಐಫೆಲ್ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಗೋಪುರ. ಅದೇ ಗುಸ್ತಾವ್ ಐಫೆಲ್ 79ನೇ ವಯಸ್ಸಿನಲ್ಲಿ ತೆರೆದ ಇನ್ನೊಂದು ಕಟ್ಟಡವೂ ಪ್ಯಾರಿಸಿನಲ್ಲೇ ಇದೆ. ಓತೇಯ್ ಎಂಬ ಭಾಗದಲ್ಲಿ, ಬ್ವಾಲೊ ರಸ್ತೆಯಲ್ಲಿ, ಮನೆಗಳ ಸಾಲಿನ ನಡುವೆ. 1912ರಲ್ಲಿ ಶುರುವಾದ ವಿಂಡ್ ಟನಲ್ ಪ್ರಯೋಗಾಲಯ ಅದು. ವಿಂಡ್ ಟನಲ್ ಅಂದರೆ ವಸ್ತುವಿನ ಮೇಲೆ ಗಾಳಿ ಹಾಯಿಸಿ, ಆ ಗಾಳಿಯ ಬಲ ಅಳೆಯುವ ಸುರಂಗ. ರಕ್ಷಿತ ಸ್ಮಾರಕ ಎಂದು ಘೋಷಣೆಯಾಗಿದೆ. ವಿಶೇಷ ಏನೆಂದರೆ, ಅದು ಇವತ್ತಿಗೂ ಕೆಲಸ ಮಾಡುತ್ತಿದೆ.

ಕಥೆ ಶುರುವಾಗುವುದು ಗೋಪುರದಿಂದಲೇ. ಪನಾಮಾ ಕಾಲುವೆ ಹಗರಣದ ನಂತರ ಐಫೆಲ್ ವ್ಯವಹಾರದಿಂದ ದೂರ ಸರಿದರು. ಉಳಿದ ಆಯುಷ್ಯವನ್ನು ಗಾಳಿಗೆ ಕೊಟ್ಟರು. ಅದಕ್ಕೆ ಕಾರಣವೂ ಇತ್ತು. ಎತ್ತರದ ಕಬ್ಬಿಣದ ಕೆಲಸ ಮಾಡುವವರಿಗೆ ಗಾಳಿಯೇ ದೊಡ್ಡ ಶತ್ರು. ಒಂದು ಚಪ್ಪಟೆ ತಟ್ಟೆಯ ಮೇಲೆ ಗಾಳಿ ಎಷ್ಟು ಒತ್ತುತ್ತದೆ ಎಂಬುದಕ್ಕೆ ಆಗ ಒಬ್ಬೊಬ್ಬರು ಒಂದೊಂದು ಸಂಖ್ಯೆ ಹೇಳುತ್ತಿದ್ದರು.

1903ರಿಂದ ಅವರು ಗೋಪುರದ ಎರಡನೇ ಅಂತಸ್ತಿನಿಂದ, ಅಂದರೆ ಸುಮಾರು 115 ಮೀಟರ್ ಎತ್ತರದಿಂದ, ಒಂದು ಉಪಕರಣವನ್ನು ಕೆಳಗೆ ಬಿಡತೊಡಗಿದರು. ನೇರವಾಗಿ ಎಳೆದು ಕಟ್ಟಿದ ತಂತಿಯ ಗುಂಟ ಅದು ಜಾರಿ ಬರುತ್ತಿತ್ತು. ಮುಂದೆ ತಟ್ಟೆ, ಅದರ ಹಿಂದೆ ಸ್ಪ್ರಿಂಗ್, ಒಳಗೆ ಹೊಗೆಮಸಿ ಹಚ್ಚಿದ ಕಾಗದ ಸುತ್ತಿದ ಉರುಳೆ. ಕಂಪಿಸುವ ಟ್ಯೂನಿಂಗ್ ಫೋರ್ಕ್ ಆ ಮಸಿಯ ಮೇಲೆ ಅಲೆ ಗೀಚುತ್ತಿತ್ತು. ಆ ಅಲೆಗಳನ್ನು ಎಣಿಸಿದರೆ ಸಮಯ ಸಿಗುತ್ತಿತ್ತು. ಸ್ಪ್ರಿಂಗ್ ಎಷ್ಟು ಕುಗ್ಗಿತು ಎಂಬುದರಿಂದ ಗಾಳಿಯ ಒತ್ತಡ ಸಿಗುತ್ತಿತ್ತು. ಬೀಳುವುದು ಕೆಲವೇ ಸೆಕೆಂಡು. ಅಷ್ಟರಲ್ಲೇ ಎಲ್ಲವೂ ದಾಖಲಾಗಬೇಕು!

ಇದರಿಂದ ತಟ್ಟೆಯ ಲೆಕ್ಕ ಸಿಕ್ಕಿತು. ವಿಮಾನದ ರೆಕ್ಕೆಯ ಲೆಕ್ಕಕ್ಕೆ ಇದು ಸಾಲದು. ಹಾಗಾಗಿ 1909ರಲ್ಲಿ ಗೋಪುರದ ಬುಡದಲ್ಲೇ, ಶಾಂ ದ ಮಾರ್ಸ್ ಮೈದಾನದಲ್ಲಿ, ಒಂದೂವರೆ ಮೀಟರ್ ಅಗಲದ ಮೊದಲ ವಿಂಡ್ ಟನಲ್ ಹಾಕಿದರು. ವಿದ್ಯುತ್ತು ಗೋಪುರದ ಜನರೇಟರಿನಿಂದಲೇ ಬರುತ್ತಿತ್ತು. ಆದರೆ ಮೈದಾನವನ್ನು ಚೆಂದಗೊಳಿಸುವ ಯೋಜನೆ ಬಂತು, ಜಾಗ ಬಿಡಬೇಕಾಯಿತು. ಆಗ ಓತೇಯ್‌ಗೆ ಹೋದರು. ಅಲ್ಲಿ 2 ಮೀಟರ್ ಅಗಲದ ಟನಲ್ ಕಟ್ಟಿದರು. ಪಕ್ಕದಲ್ಲೇ 1 ಮೀಟರಿನ ಚಿಕ್ಕದೊಂದು.

ನಾನು ಇದನ್ನು ಇಲ್ಲಿ ಎತ್ತಲು ಕಾರಣ ಇದೆ. ಕಟ್ಟಡ ಉಳಿಸುವುದು ಎಂದರೆ ನಾವು ಮುಂಭಾಗ, ಕಮಾನು, ಕಿಟಕಿ ಅಂತ ನೋಡುತ್ತೇವೆ. ಓತೇಯ್ ಕಟ್ಟಡದ ಮುಂಭಾಗ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಅಲ್ಲಿರುವ ವಾಸ್ತುಶಿಲ್ಪವೆಲ್ಲ ಗಾಳಿ ಹೋಗಿಬರುವ ದಾರಿಯಲ್ಲಿದೆ. ಇಂಥ ಕಟ್ಟಡದಲ್ಲಿ ಉಳಿಸಬೇಕಾದ ಮೊದಲ ವಸ್ತು ಆ ದಾರಿ. ಗೋಡೆ, ಬಣ್ಣ, ಬಾಗಿಲು ಎಲ್ಲಾ ಆಮೇಲೆ. ನಿಮಗೇನನ್ನಿಸುತ್ತದೆ?

ಪ್ರಶ್ನೆಗಾರ್ತಿ

ಒಳ್ಳೆಯ ವಿಷಯ ಸರ್. ಒಂದು ಸಂದೇಹ. ಒಂದು ಫ್ಯಾನ್ ಇಟ್ಟು ವಿಮಾನದ ಚಿಕ್ಕ ಮಾದರಿಯ ಮೇಲೆ ಗಾಳಿ ಊದಿದರೆ ಆಯಿತಲ್ಲ? ಅದಕ್ಕೆ ಇಷ್ಟು ದೊಡ್ಡ ಹಾಲ್ ಯಾಕೆ ಬೇಕು? ಗಾಳಿಯ ದಾರಿಯೇ ವಾಸ್ತುಶಿಲ್ಪ ಅಂದಿರಲ್ಲ, ಅದನ್ನು ಬಿಡಿಸಿ ಹೇಳಿ.

ರೆಕ್ಕೆಪುಕ್ಕ

ಮೇಡಂ, ಇದಕ್ಕೆ ನಾನು ಉತ್ತರಿಸುತ್ತೇನೆ. ವಿಂಡ್ ಟನಲ್ ಕೆಲಸದ ಹತ್ತಿರವೇ ಇರುವವನು.

ಫ್ಯಾನ್ ಊದಿದ ಗಾಳಿ ತಿರುಚಿಕೊಂಡು, ಸುಳಿ ಹಾಕಿಕೊಂಡು ಬರುತ್ತದೆ. ಅಂಥ ಗಾಳಿಯಲ್ಲಿ ಅಳತೆ ಮಾಡಿ ಉಪಯೋಗವಿಲ್ಲ. ಅದಕ್ಕೇ ಐಫೆಲ್ ಫ್ಯಾನನ್ನು ದಾರಿಯ ಕೊನೆಗೆ ಇಟ್ಟರು. ಫ್ಯಾನ್ ಎಳೆಯುತ್ತದೆ, ಊದುವುದಿಲ್ಲ. ಹಾಲ್‌ನಲ್ಲಿ ಸುಮ್ಮನೆ ನಿಂತ ಗಾಳಿ ಅಗಲ ಬಾಯಿಯ ಆಲಿಕೆಯೊಳಗೆ ನುಗ್ಗುತ್ತದೆ. ಕಿರಿದಾಗುತ್ತಾ ವೇಗ ಹೆಚ್ಚಿಸಿಕೊಳ್ಳುತ್ತದೆ. ಜಾಲಿಯ ಮೂಲಕ ಹಾದು ನೇರವಾಗುತ್ತದೆ. ನಂತರ ಒಂದು ಮುಚ್ಚಿದ ಕೋಣೆಯನ್ನು ಬಯಲಾಗಿಯೇ ದಾಟುತ್ತದೆ, ಸುತ್ತ ಕೊಳವೆ ಇಲ್ಲದೆ. ಮಾದರಿ ಇರುವುದು ಅಲ್ಲೇ. ಕೋಣೆಯ ಆಚೆ ಗೋಡೆಯಲ್ಲಿ ಇನ್ನೊಂದು ಆಲಿಕೆ, ಇದು ತಿರುವುಮುರುವು: ನಿಧಾನಕ್ಕೆ ಅಗಲವಾಗುತ್ತಾ ಹೋಗುತ್ತದೆ. ಅದರ ತುದಿಗೆ ಫ್ಯಾನ್. ಅಲ್ಲಿಂದ ಹೊರಬಿದ್ದ ಗಾಳಿ ಹಾಲ್‌ನೊಳಗೇ ಹರಡಿ, ಸಮಾಧಾನವಾಗಿ, ಮತ್ತೆ ಮೊದಲ ಬಾಯಿಗೆ ಬರುತ್ತದೆ.

ಅಂದರೆ ವಾಪಸು ಬರುವ ಕೊಳವೆ ಬೇರೆ ಇಲ್ಲ. ಹಾಲೇ ಆ ಕೊಳವೆ. ಹಾಲ್ ಚಿಕ್ಕದಾದರೆ ಗಾಳಿ ಶಾಂತವಾಗುವ ಮೊದಲೇ ಬಾಯಿಗೆ ಬಂದುಬಿಡುತ್ತದೆ. ಅಲ್ಲಿ ಒಂದು ಗೋಡೆ ಎಬ್ಬಿಸಿದರೂ, ದೊಡ್ಡ ಕಪಾಟು ತಂದಿಟ್ಟರೂ, ಅಳತೆಗೆ ತೊಂದರೆ. ಹಳೆಕಟ್ಟಡ ಸರ್ ಹೇಳಿದ ಮಾತಿನ ತಿರುಳು ಇದೇ ಅಂದುಕೊಂಡಿದ್ದೇನೆ.

ಆ ಅಗಲವಾಗುವ ಆಲಿಕೆಗೆ ಡಿಫ್ಯೂಸರ್ ಅನ್ನುತ್ತೇವೆ. ಶಾಂ ದ ಮಾರ್ಸ್ ಟನಲ್‌ನಿಂದ ಓತೇಯ್‌ಗೆ ಬರುವಾಗ ಐಫೆಲ್ ಮಾಡಿದ ದೊಡ್ಡ ಸುಧಾರಣೆ ಅದು. ಲೆಕ್ಕ ನೋಡಿ. 2 ಮೀಟರ್ ಅಗಲದ ಗಾಳಿಧಾರೆ ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಹೋದರೆ, ಸೆಕೆಂಡಿಗೆ 94 ಘನ ಮೀಟರ್ ಗಾಳಿ. ತೂಕದಲ್ಲಿ 110 ಕೆಜಿಗೂ ಜಾಸ್ತಿ. ಅದರ ಚಲನಶಕ್ತಿ ಸುಮಾರು 50 ಕಿಲೋವ್ಯಾಟ್. ಆ ವೇಗದಲ್ಲೇ ಫ್ಯಾನ್ ದಾಟಿ ಹೊರಬಿದ್ದರೆ ಅಷ್ಟೂ ಶಕ್ತಿ ಹಾಲ್‌ನಲ್ಲಿ ಪೋಲು. ಡಿಫ್ಯೂಸರ್‌ನಲ್ಲಿ ನಿಧಾನಕ್ಕೆ ಅಗಲವಾದರೆ ವೇಗ ಇಳಿದು ಒತ್ತಡ ಏರುತ್ತದೆ, ಶಕ್ತಿಯ ದೊಡ್ಡ ಪಾಲು ವಾಪಸು ಸಿಗುತ್ತದೆ. ಹಾಗಾಗಿ ಹೊಸ ಟನಲ್ ಅಗಲವೂ ಹೆಚ್ಚು, ವೇಗವೂ ಹೆಚ್ಚು, ಆದರೆ ಮೋಟಾರ್ ದೊಡ್ಡದು ಮಾಡಬೇಕಾಗಲಿಲ್ಲ.

ಇನ್ನು ಆ ಮುಚ್ಚಿದ ಕೋಣೆ. ಇದು ನನಗೆ ತುಂಬಾ ಇಷ್ಟ. ಓಡುವ ಗಾಳಿಯ ಒತ್ತಡ ನಿಂತ ಗಾಳಿಗಿಂತ ಕಡಿಮೆ, ಅಲ್ವಾ? ಧಾರೆ ಬಯಲಾಗಿ ಹಾಯುವುದರಿಂದ ಕೋಣೆಯೊಳಗಿನ ಒತ್ತಡವೂ ಅಷ್ಟಕ್ಕೇ ಇಳಿಯುತ್ತದೆ. ಸೆಕೆಂಡಿಗೆ 30 ಮೀಟರಿಗೆ ಹೊರಗಿನ ಹಾಲ್‌ಗಿಂತ ಸುಮಾರು 540 ಪಾಸ್ಕಲ್ ಕಡಿಮೆ. ಕೇಳಲು ಸಣ್ಣದು. ಆದರೆ 2 ಚದರ ಮೀಟರಿನ ಬಾಗಿಲಿನ ಮೇಲೆ ಅದು ಸುಮಾರು 110 ಕೆಜಿ ಭಾರ ಒತ್ತಿದ ಹಾಗೆ. ಫ್ಯಾನ್ ತಿರುಗುವಾಗ ಬಾಗಿಲು ತೆರೆದರೆ ಗಾಳಿಯ ಹರಿವೇ ಕೆಟ್ಟುಹೋಗುತ್ತದೆ. ಅದಕ್ಕೆ ಕೋಣೆಗೆ ಎರಡು ಬಾಗಿಲಿನ ಒಳದಾರಿ ಬೇಕು: ಒಂದು ಮುಚ್ಚಿ ಇನ್ನೊಂದು ತೆರೆಯುವಂಥದ್ದು. ಅಳತೆ ಮಾಡುವವರು ಕೋಣೆಯೊಳಗೇ, ಧಾರೆಯ ಮೇಲಿನ ಅಟ್ಟದ ಮೇಲೆ, ಮಾದರಿಯ ಮೇಲಿನ ಗಾಳಿಯ ಬಲ ಅಳೆಯುವ ತಕ್ಕಡಿಯ ಪಕ್ಕದಲ್ಲಿ ಇರುತ್ತಿದ್ದರು. ಮಾದರಿಯನ್ನು ಕಣ್ಣಾರೆ ನೋಡುತ್ತಾ ತಕ್ಕಡಿ ಓದಬಹುದಿತ್ತು. ಈ ವಿನ್ಯಾಸಕ್ಕೆ ಇವತ್ತಿಗೂ ಐಫೆಲ್ ಚೇಂಬರ್ ಅಂತಲೇ ಹೆಸರು.

ಪ್ರಶ್ನೆಗಾರ್ತಿ

ಈಗ ಅರ್ಥವಾಯಿತು ಸರ್. ಹಾಗಿದ್ದರೆ ಅಲ್ಲಿ ಏನು ಕಂಡುಹಿಡಿದರು? ಬರೀ ಉಪಕರಣ ಚೆನ್ನಾಗಿದ್ದರೆ ಸಾಲದಲ್ಲ.

ಗಾಳಿಲೆಕ್ಕ

ಇದಕ್ಕೆ ನನ್ನ ಉತ್ತರ ಸ್ವಲ್ಪ ಉದ್ದ, ದಯವಿಟ್ಟು ಪೂರ್ತಿ ಓದಿ.

ಮೊದಲಿಗೆ ಒಂದು ಮೂಲಭೂತ ಸಂದೇಹ ಇತ್ತು. ನಿಂತ ವಸ್ತುವಿನ ಮೇಲೆ ಗಾಳಿ ಹಾಯಿಸುವುದೂ, ನಿಂತ ಗಾಳಿಯಲ್ಲಿ ವಸ್ತು ಓಡುವುದೂ ಒಂದೇ ಹೌದೋ ಅಲ್ಲವೋ? ಐಫೆಲ್ ಹತ್ತಿರ ಎರಡೂ ಬಗೆಯ ಅಳತೆ ಇತ್ತು. ಗೋಪುರದಿಂದ ಬಿಟ್ಟ ತಟ್ಟೆಗಳದ್ದೂ, ಟನಲ್‌ನಲ್ಲಿಟ್ಟ ತಟ್ಟೆಗಳದ್ದೂ. ಎರಡನ್ನೂ ಪಕ್ಕಪಕ್ಕ ಇಟ್ಟು, ತಾಳೆಯಾಗುತ್ತದೆ ಎಂದು ತೋರಿಸಿದರು. ವಿಂಡ್ ಟನಲ್ ಅಂಕಿಗಳನ್ನು ನಂಬುವುದಕ್ಕೆ ಇದೇ ಬುನಾದಿ. ಆಮೇಲೆ ರೆಕ್ಕೆಯ ಮೇಲ್ಮೈಗೂ ಕೆಳಮೈಗೂ ಒತ್ತಡ ಅಳೆದು, ರೆಕ್ಕೆಯನ್ನು ಎತ್ತುವುದರಲ್ಲಿ ಕೆಳಗಿನ ಒತ್ತಡಕ್ಕಿಂತ ಮೇಲಿನ ಹೀರುವಿಕೆಯ ಪಾಲೇ ಹೆಚ್ಚು ಎಂದು ಅಂಕಿಗಳಲ್ಲಿ ತೋರಿಸಿದರು.

ಆದರೆ ನನಗೆ ದೊಡ್ಡದು ಅನ್ನಿಸುವುದು ಗೋಳದ ಪ್ರಕರಣ. 1912ರ ಮಾತು. ಜರ್ಮನಿಯ ಗೊಟ್ಟಿಂಗನ್‌ನಲ್ಲಿ ಲುಡ್ವಿಗ್ ಪ್ರಾಂಟಲ್ ಅವರ ಪ್ರಯೋಗಾಲಯವೂ ಗೋಳದ ಮೇಲಿನ ಗಾಳಿಯ ತಡೆ ಅಳೆದಿತ್ತು. ಐಫೆಲ್ ಅಳತೆ ಅದರ ಅರ್ಧಕ್ಕಿಂತ ಕಡಿಮೆ ಬಂತು! ಐಫೆಲ್ ಲೆಕ್ಕದಲ್ಲಿ 2ರಿಂದ ಗುಣಿಸುವುದನ್ನೇ ಬಿಟ್ಟಿದ್ದಾರೆ ಎಂದು ಗೊಟ್ಟಿಂಗನ್ ಕಡೆಯವರು ಅಂದುಕೊಂಡರು. ಐಫೆಲ್ ವಾದಕ್ಕೆ ಹೋಗಲಿಲ್ಲ. ಮೂರು ಬೇರೆ ಬೇರೆ ಗಾತ್ರದ ಗೋಳ ತೆಗೆದುಕೊಂಡು, ನಿಧಾನ ವೇಗದಿಂದ ಹೆಚ್ಚು ವೇಗದವರೆಗೆ ಅಳೆದರು. ನಿಧಾನದಲ್ಲಿ ಗೊಟ್ಟಿಂಗನ್‌ನ ಸಂಖ್ಯೆಯೇ ಬಂತು. ಒಂದು ವೇಗ ದಾಟಿದ ಮೇಲೆ ತಡೆಯ ಗುಣಾಂಕ (ಗಾತ್ರ, ವೇಗ ಬೇರೆಯಿದ್ದರೂ ತಡೆಯನ್ನು ಹೋಲಿಸಲು ಬಳಸುವ ಸಂಖ್ಯೆ) ದಿಢೀರನೆ ಬಿದ್ದುಹೋಯಿತು. ಗೋಳ ದೊಡ್ಡದಾದಷ್ಟೂ ಕಡಿಮೆ ವೇಗದಲ್ಲೇ ಬೀಳುತ್ತಿತ್ತು. ಅಂದರೆ ಎರಡೂ ಪ್ರಯೋಗಾಲಯ ಸರಿಯೇ. ಒಂದು ಆ ಗಡಿಯ ಈಚೆ, ಇನ್ನೊಂದು ಆಚೆ ಅಳೆದಿತ್ತು.

ಯಾಕೆ ಹಾಗೆ ಎಂದು 1914ರಲ್ಲಿ ವಿವರಿಸಿದವರು ಪ್ರಾಂಟಲ್. ಗೋಳದ ಮೈಗೆ ಅಂಟಿಕೊಂಡಿರುವ ತೆಳು ಪದರದ ಗಾಳಿ ಅಲ್ಲೋಲಕಲ್ಲೋಲವಾದರೆ ಅದು ಮೈಬಿಡದೆ ಇನ್ನಷ್ಟು ಹಿಂದಕ್ಕೆ ಹೋಗುತ್ತದೆ. ಆಗ ಗೋಳದ ಹಿಂದಿನ ಸುಳಿ ಕಿರಿದಾಗಿ ತಡೆ ಇಳಿಯುತ್ತದೆ. ಅವರು ಗೋಳಕ್ಕೆ ತೆಳ್ಳನೆಯ ತಂತಿಯ ಬಳೆ ಕಟ್ಟಿ, ಬೇಕೆಂದೇ ಆ ಪದರವನ್ನು ಕದಡಿದರು. ಕಡಿಮೆ ವೇಗದಲ್ಲೂ ತಡೆ ಇಳಿಯಿತು. ಗಾಲ್ಫ್ ಚೆಂಡಿನ ಮೈಮೇಲೆ ಗುಳಿ ಇರುವುದಕ್ಕೂ ಇದೇ ಕಾರಣ.

ಹಾಗಾಗಿ ಓತೇಯ್ ಹಾಲ್ ಅಂದರೆ ಬರೀ ಒಬ್ಬ ಹೆಸರುವಾಸಿ ಎಂಜಿನಿಯರನ ನೆನಪಲ್ಲ. ಆ ಗಡಿ ಕಾಣಬೇಕಾದರೆ ಅಷ್ಟು ವೇಗ, ಅಷ್ಟು ಅಗಲದ ಧಾರೆ ಇರಬೇಕಿತ್ತು. ಅದನ್ನು ಒದಗಿಸಿದ್ದು ಆ ಡಿಫ್ಯೂಸರ್, ಆ ಹಾಲ್.

ಕಾಂಕ್ರೀಟ್‌ಕೆಲಸ

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಆದರೂ ಹಳೆಕಟ್ಟಡ ಅವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಗಾಳಿಯ ದಾರಿ ಮೊದಲು, ಗೋಡೆ ಆಮೇಲೆ ಅಂದಿರಿ. ಗೋಡೆಯೇ ಗಾಳಿಯ ದಾರಿಯಾದರೆ?

ಬರ್ಲಿನ್ನಿನ ಆಡ್ಲರ್ಸ್‌ಹೋಫ್ ನೋಡಿ. ಪಕ್ಕದ ಯೊಹಾನಿಸ್ತಾಲ್ ವಿಮಾನ ಮೈದಾನ 1909ರಲ್ಲಿ ಶುರುವಾಯಿತು. 1912ರಲ್ಲಿ ಜರ್ಮನ್ ವಿಮಾನ ಸಂಶೋಧನಾ ಸಂಸ್ಥೆ ಹುಟ್ಟಿತು. 1930ರ ದಶಕದಲ್ಲಿ ಹೆರ್ಮನ್ ಬ್ರೆನರ್, ವೆರ್ನರ್ ಡಾಯ್ಚ್‌ಮನ್ ಎಂಬ ಇಬ್ಬರು ವಾಸ್ತುಶಿಲ್ಪಿಗಳು ಅಲ್ಲಿ ಮಾಡಿದ ಕಟ್ಟಡಗಳು ಇವತ್ತಿಗೂ ನಿಂತಿವೆ. ದೊಡ್ಡ ವಿಂಡ್ ಟನಲ್ ಒಂದು ಸುತ್ತು ಬರುವ ಕಾಂಕ್ರೀಟ್ ಕೊಳವೆ. ತೆಳು ಚಿಪ್ಪಿನ ಕಾಂಕ್ರೀಟ್ ವಿಧಾನದಲ್ಲಿ ಮಾಡಿದ್ದು. ಹೊರಗೆ ಬೇರೆ ಕಟ್ಟಡವೇ ಇಲ್ಲ, ಕೊಳವೆಯೇ ಬಯಲಲ್ಲಿ ನಿಂತಿದೆ. ಅದರ ಹತ್ತಿರ ಸುಮಾರು 20 ಮೀಟರ್ ಎತ್ತರದ, ಮೊಟ್ಟೆಯಾಕಾರದ ಗೋಪುರ. 1934ರಿಂದ 1936ರ ನಡುವೆ ಕಟ್ಟಿದ್ದು. ಟ್ರೂಡೆಲ್‌ಟುರ್ಮ್ ಅನ್ನುತ್ತಾರೆ.

ಆ ಗೋಪುರದ ಕೆಲಸ ಇದು. ವಿಮಾನ ಹಿಡಿತ ತಪ್ಪಿ ಗಿರಗಿರ ಸುತ್ತುತ್ತಾ ಬೀಳುವುದಕ್ಕೆ ಸ್ಪಿನ್ ಅನ್ನುತ್ತೇವೆ. ಆಗಿನ ಪೈಲಟ್‌ಗಳ ಜೀವ ತೆಗೆಯುತ್ತಿದ್ದ ದೊಡ್ಡ ಕಾರಣಗಳಲ್ಲಿ ಅದೊಂದು. ಗೋಪುರದೊಳಗೆ ಗಾಳಿ ಕೆಳಗಿನಿಂದ ಮೇಲಕ್ಕೆ ಬೀಸುತ್ತದೆ. ಪುಟ್ಟ ಮಾದರಿ ವಿಮಾನ ಅದರಲ್ಲಿ ಬೀಳುತ್ತಿದ್ದರೂ ಒಂದೇ ಎತ್ತರದಲ್ಲಿ ಉಳಿಯುತ್ತದೆ. ಸುತ್ತುವುದನ್ನು ಹತ್ತಿರದಿಂದ ನೋಡಬಹುದು. ಅದರಿಂದ ಹೊರಬರುವುದು ಹೇಗೆ ಎಂದು ಕಲಿಯಬಹುದು.

ಯುದ್ಧ ಮುಗಿದ ಮೇಲೆ ಸೋವಿಯತ್ ಸೇನೆ ಅಲ್ಲಿನ ಉಪಕರಣ ಬಿಚ್ಚಿಕೊಂಡು ಹೋಯಿತು. ಒಳಗೆ ಈಗ ಫ್ಯಾನ್ ಇಲ್ಲ, ತಕ್ಕಡಿ ಇಲ್ಲ. ಸುತ್ತ ವಿಶ್ವವಿದ್ಯಾಲಯ ಇದೆ. ಆದರೂ ಆ ಆಕಾರದ ಮುಂದೆ ನಿಂತವರಿಗೆ ಇಲ್ಲಿ ಏನೋ ಸುತ್ತಿಬರುತ್ತಿತ್ತು ಅಂತ ಹೊಳೆಯದೆ ಇರುವುದಿಲ್ಲ. ಯಂತ್ರ ಹೋದರೂ ಕಟ್ಟಡ ಮಾತಾಡುತ್ತದೆ. ಹಾಗಾಗಿ ಚಿಪ್ಪು ಉಳಿಸುವುದನ್ನು ಕಡಿಮೆ ಅಂದಾಜು ಮಾಡಬೇಡಿ.

ಹಳೆಕಟ್ಟಡ

ಆಡ್ಲರ್ಸ್‌ಹೋಫ್ ಬಗ್ಗೆ ಬರೆದದ್ದಕ್ಕೆ ಧನ್ಯವಾದ. ಅಲ್ಲಿ ಗೋಡೆಯೇ ದಾರಿ ಎಂಬ ಮಾತು ನಿಜ. ಆದರೆ ನೀವು ಬರೆದದ್ದೇ ನನ್ನ ಮಾತಿಗೂ ಬೆಂಬಲ ಕೊಡುತ್ತದೆ. ಅಲ್ಲಿ ದಾರಿ ಹೊರಗಡೆ ಕಾಣುವುದರಿಂದ ಉಳಿಯಿತು. ಓತೇಯ್‌ನಲ್ಲಿ ದಾರಿ ಒಳಗಿದೆ. ಅಲ್ಲಿ ಮುಂಭಾಗ ಮಾತ್ರ ಉಳಿಸಿ ಒಳಗೆ ಫ್ಲ್ಯಾಟ್ ಮಾಡಿದ್ದರೆ ಏನೂ ಉಳಿಯುತ್ತಿರಲಿಲ್ಲ.

ಇನ್ನೊಂದು ಮಾತು. ಆಡ್ಲರ್ಸ್‌ಹೋಫ್‌ನ ಆ ಕಟ್ಟಡಗಳು ಎದ್ದದ್ದು ನಾಜಿ ಆಡಳಿತ ವಾಯುಪಡೆಯನ್ನು ಬೆಳೆಸುತ್ತಿದ್ದ ಕಾಲದಲ್ಲಿ. ಆಕಾರದ ಚೆಂದ ಹೇಳುವಾಗ ಅದನ್ನೂ ಹೇಳಬೇಕು. ಉಳಿಸಿದ ಕಟ್ಟಡದ ಫಲಕದಲ್ಲಿ ಅದು ಇರಲೇಬೇಕು ಎಂದು ನನ್ನ ಗಟ್ಟಿ ಅಭಿಪ್ರಾಯ. ಓತೇಯ್‌ಗೂ ಯುದ್ಧದ ನಂಟಿದೆ. ಮೊದಲ ಮಹಾಯುದ್ಧದಲ್ಲಿ ಐಫೆಲ್ ಪ್ರಯೋಗಾಲಯವೇ ಒಂದು ಫೈಟರ್ ವಿಮಾನ ವಿನ್ಯಾಸ ಮಾಡಿತ್ತು, ಬ್ರೆಗೆ ಕಂಪನಿ ಕಟ್ಟಿತ್ತು. ಒಂದೇ ಜೊತೆ ರೆಕ್ಕೆ, ಆ ಕಾಲಕ್ಕೆ ತುಂಬಾ ಮುಂದಿನ ಯೋಚನೆ. 1918ರ ಮಾರ್ಚಿನಲ್ಲಿ ಹಾರಾಟದಲ್ಲಿ ಅದು ಬಿದ್ದು ಪೈಲಟ್ ತೀರಿಕೊಂಡರು. ಕೆಲಸ ಅಲ್ಲಿಗೇ ನಿಂತಿತು. ಐಫೆಲ್ 1923ರ ಡಿಸೆಂಬರಿನಲ್ಲಿ 91ನೇ ವಯಸ್ಸಿನಲ್ಲಿ ಹೋದರು.

ಬಯಲುದಾರಿ

ಉಳಿದ ಕಟ್ಟಡಗಳ ಬಗ್ಗೆಯೇ ಮಾತು ನಡೆಯುತ್ತಿದೆ. ಹೋದದ್ದರ ಬಗ್ಗೆಯೂ ಹೇಳಬೇಕು.

ಅಮೆರಿಕದ ವರ್ಜೀನಿಯಾದ ಲ್ಯಾಂಗ್ಲಿಯಲ್ಲಿ 1931ರಲ್ಲಿ ಒಂದು ಟನಲ್ ಶುರುವಾಯಿತು. ಗಾಳಿಯ ಬಾಯಿ 30 ಅಡಿ ಎತ್ತರ, 60 ಅಡಿ ಅಗಲ. ಇಡೀ ವಿಮಾನವನ್ನೇ ಒಳಗೆ ನಿಲ್ಲಿಸಿ ಅಳೆಯುತ್ತಿದ್ದರು. ತಲಾ 4,000 ಅಶ್ವಶಕ್ತಿಯ ಎರಡು ಮೋಟಾರ್. 1938ರಲ್ಲಿ ಬ್ರೂಸ್ಟರ್ ಬಫಲೊ ಎಂಬ ನೌಕಾಪಡೆಯ ವಿಮಾನವನ್ನು ಅಲ್ಲಿಟ್ಟು, ಎಲ್ಲೆಲ್ಲಿ ಗಾಳಿ ತಡೆಯುತ್ತದೆ ಎಂದು ಒಂದೊಂದೇ ಹುಡುಕಿದರು. ಚಿಕ್ಕಪುಟ್ಟ ಉಬ್ಬು, ಸಂದು, ಕೊಳವೆಯ ಬಾಯಿ, ಇಷ್ಟೇ. ಅವನ್ನು ಸರಿಮಾಡಿದ್ದಕ್ಕೆ ವೇಗ ಗಂಟೆಗೆ 31 ಮೈಲಿ ಹೆಚ್ಚಾಯಿತು. ಎಂಜಿನ್ ಮುಟ್ಟಲೇ ಇಲ್ಲ. ಆಮೇಲೆ ಸೇನೆಯ ವಿಮಾನಗಳೆಲ್ಲ ಅಲ್ಲಿ ಸಾಲು ನಿಂತವು.

1985ರಲ್ಲಿ ಅದಕ್ಕೆ ರಾಷ್ಟ್ರೀಯ ಐತಿಹಾಸಿಕ ತಾಣದ ಗೌರವ ಸಿಕ್ಕಿತು. 1995ರಲ್ಲಿ ನಾಸಾ ಬಿಟ್ಟಿತು. ಒಂದು ವಿಶ್ವವಿದ್ಯಾಲಯ 2009ರವರೆಗೆ ನಡೆಸಿತು. ಆಮೇಲೆ ಕೆಡವಿದರು. ಅಲ್ಲೂ ಇಡೀ ಕಟ್ಟಡವೇ ಗಾಳಿ ವಾಪಸು ಬರುವ ದಾರಿಯಾಗಿತ್ತು. ಫ್ಯಾನಿನ ರೆಕ್ಕೆ ತೆಗೆದಿಟ್ಟಿದ್ದಾರೆ. ಫೋಟೋ, ನಕ್ಷೆ ಇವೆ. ಆದರೆ ಆ ಜಾಗದ ಅಗಲ ಎಂಥದ್ದು ಅಂತ ಅವು ಹೇಳುವುದಿಲ್ಲ. ಗೌರವದ ಪಟ್ಟಿಯಲ್ಲಿ ಹೆಸರು ಬಂದರೆ ಸಾಕು, ಉಳಿಯಿತು ಅಂತ ನೆಮ್ಮದಿಯಾಗಿ ಇರುವಂತಿಲ್ಲ.

ಪ್ರಶ್ನೆಗಾರ್ತಿ

ಓದಿ ಬೇಜಾರಾಯಿತು. ಯಂತ್ರವೂ ಇದ್ದು, ಕಟ್ಟಡವೂ ಇದ್ದು, ಕೆಲಸ ಮಾತ್ರ ನಿಂತಿರುವಂಥದ್ದು ಎಲ್ಲಾದರೂ ಇದೆಯಾ?

ಗಾಳಿಲೆಕ್ಕ

ಇದೆ ಮೇಡಂ. ಇಂಗ್ಲೆಂಡಿನ ಫಾರ್ನ್‌ಬರೊದಲ್ಲಿ. 1935ರಲ್ಲಿ ಶುರುವಾದ 24 ಅಡಿ ಅಗಲದ ಟನಲ್. ಕಟ್ಟಡದ ಹೆಸರು ಕ್ಯೂ121. 30 ಅಡಿ ಅಗಲದ ಫ್ಯಾನ್, ಮಹಾಗನಿ ಮರದ ಆರು ರೆಕ್ಕೆ, ಅದಿನ್ನೂ ತನ್ನ ಜಾಗದಲ್ಲೇ ಇದೆ. 1990ರ ದಶಕದಲ್ಲಿ ಕೆಲಸ ನಿಂತು, ಸುತ್ತಲ ಜಾಗ ಕಚೇರಿಗಳಿಗೆ ಹೋಗುವ ಹೊತ್ತಿಗೆ ಹಳೆಯ ಕೆಲಸಗಾರರೂ ಆಸಕ್ತರೂ ಟ್ರಸ್ಟ್ ಕಟ್ಟಿ ಹೋರಾಡಿದರು. ಅಲ್ಲಿನ ಅತಿ ಮೇಲಿನ ದರ್ಜೆಯ ರಕ್ಷಣೆ ಈಗ ಅದಕ್ಕಿದೆ. 2014ರಲ್ಲಿ ಒಂದು ಕಲಾ ಯೋಜನೆಗಾಗಿ ಜನರಿಗೆ ಒಳಗೆ ಬಿಟ್ಟಿದ್ದರು.

ಕಾಂಕ್ರೀಟ್‌ಕೆಲಸ

ಹಾಗಿದ್ದರೆ ನಮ್ಮೆದುರು ಮೂರು ದಾರಿ ಇವೆ. ಓತೇಯ್ ಕೆಲಸ ಮಾಡುತ್ತಿದೆ. ಫಾರ್ನ್‌ಬರೊ ಯಂತ್ರದ ಸಮೇತ ನಿಂತಿದೆ. ಆಡ್ಲರ್ಸ್‌ಹೋಫ್ ಚಿಪ್ಪು ಮಾತ್ರ. ಕೆಲಸ ಮಾಡುವುದೇ ಒಳ್ಳೆಯ ರಕ್ಷಣೆ ಅಂತ ನೀವೆಲ್ಲ ಹೇಳಬಹುದು. ನನಗೆ ಅಲ್ಲೊಂದು ಆತಂಕ. ಕೆಲಸ ಮಾಡುವ ಕಟ್ಟಡ ಬದಲಾಗುತ್ತಲೇ ಇರುತ್ತದೆ. ಹೊಸ ಮೋಟಾರ್, ಹೊಸ ಸೆನ್ಸರ್, ಹೊಸ ವೈರಿಂಗ್. ಗಿರಾಕಿ ಕೇಳಿದ್ದನ್ನು ಮಾಡಬೇಕು. ನೂರು ವರ್ಷದಲ್ಲಿ ಮೂಲದ್ದು ಎಷ್ಟು ಉಳಿಯುತ್ತದೆ?

ರೆಕ್ಕೆಪುಕ್ಕ

ಆತಂಕ ಸರಿಯಾದದ್ದೇ. ಆದರೆ ವಿಂಡ್ ಟನಲ್ ವಿಷಯದಲ್ಲಿ ಒಂದು ಅನುಕೂಲ ಇದೆ. ಮೋಟಾರ್ ಬದಲಿಸಬಹುದು, ತಕ್ಕಡಿ ಬದಲಿಸಬಹುದು. ಆಲಿಕೆಯ ಇಳಿಜಾರು, ಡಿಫ್ಯೂಸರಿನ ಕೋನ, ಚೇಂಬರಿನ ಅಳತೆ ಮುಟ್ಟುವಂತಿಲ್ಲ. ಮುಟ್ಟಿದರೆ ಹಳೆಯ ಅಳತೆಗಳ ಜೊತೆ ಹೋಲಿಸಲು ಆಗುವುದಿಲ್ಲ, ಗಾಳಿಯ ಗುಣವನ್ನು ಮೊದಲಿನಿಂದ ಪರೀಕ್ಷಿಸಬೇಕು. ಅಂದರೆ ಬಳಸುವವರಿಗೇ ಅದನ್ನು ಹಾಗೇ ಇಡುವ ಅಗತ್ಯ ಇರುತ್ತದೆ. ಓತೇಯ್ ಟನಲ್ 2001ರಿಂದ ಫ್ರಾನ್ಸಿನ ಕಟ್ಟಡ ಸಂಶೋಧನಾ ಸಂಸ್ಥೆಯ ಕೈಯಲ್ಲಿದೆ. ವಿಮಾನದ ಕೆಲಸ ಹೋಗಿ ಈಗ ಕಟ್ಟಡ, ವಾಹನಗಳ ಪರೀಕ್ಷೆ ಬಂದಿದೆ. ಎತ್ತರದ ಕಟ್ಟಡಕ್ಕೆ ಗಾಳಿ ಏನು ಮಾಡುತ್ತದೆ ಎಂಬುದು ಐಫೆಲ್ ಅವರ ಮೊದಲ ಪ್ರಶ್ನೆಯೇ ಆಗಿತ್ತು. ನಿಧಾನ ವೇಗದ ಹಳೆಯ ಟನಲ್ ಇದಕ್ಕೆ ಸರಿಹೋಗುತ್ತದೆ. ಶಬ್ದದ ವೇಗ ಮೀರುವ ವಿಮಾನಗಳಿಗಾಗಿ ಕಟ್ಟಿದ ಟನಲ್‌ಗಳಿಗೆ ಈ ಅದೃಷ್ಟ ಇಲ್ಲ. ಅವುಗಳಿಗೆ ಬೇರೆ ಕೆಲಸ ಹುಡುಕುವುದು ಕಷ್ಟ.

ಹಳೆಕಟ್ಟಡ

ಇದಕ್ಕೆ ಒಂದು ಸೇರಿಸುತ್ತೇನೆ. ಓತೇಯ್ ಒಂಟಿ ಕಟ್ಟಡ ಅಲ್ಲ. ಐಫೆಲ್ ಜೊತೆ ಕೆಲಸ ಮಾಡಿದ ಆಂಟೊನಾಂ ಲಾಪ್ರೆಲ್ ಮುಂದೆ 1930ರ ದಶಕದಲ್ಲಿ ಪ್ಯಾರಿಸ್ ಪಕ್ಕದ ಶಾಲೇ-ಮ್ಯೂಡೋಂ ಎಂಬಲ್ಲಿ ಅದೇ ವಿನ್ಯಾಸವನ್ನು ದೊಡ್ಡದು ಮಾಡಿದರು. 16 ಮೀಟರ್ ಅಗಲ, 8 ಮೀಟರ್ ಎತ್ತರದ ಧಾರೆ, ಆರು ಫ್ಯಾನ್, ಡಿಫ್ಯೂಸರ್ ಪೂರ್ತಿ ಕಾಂಕ್ರೀಟು. ಧಾರೆಯ ವಿಸ್ತಾರ ಓತೇಯ್‌ನದಕ್ಕಿಂತ ಸುಮಾರು 30 ಪಟ್ಟು. ಪೈಲಟ್ ಕೂತಿರುವ ವಿಮಾನವನ್ನೇ ಅದರಲ್ಲಿ ಇಡಬಹುದಿತ್ತು. 1970ರ ದಶಕದಲ್ಲಿ ಅದು ನಿಂತಿತು, ಈಗ ಅದೂ ರಕ್ಷಿತ ಸ್ಮಾರಕ.

ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಕಾಂಕ್ರೀಟ್‌ಕೆಲಸ ಸರ್ ಅವರ ಮಾತೂ ನನ್ನ ಮಾತೂ ಒಂದೇ ಕಡೆ ಬರುತ್ತವೆ. ಓತೇಯ್‌ನ ಆಲಿಕೆ ಕಟ್ಟಡದೊಳಗೆ ಅಡಗಿದೆ. ಮ್ಯೂಡೋಂನಲ್ಲಿ ಆಲಿಕೆಯೇ ಕಟ್ಟಡವಾಗಿ ಹೊರಗೆ ಬಂದಿದೆ. ಒಂದು ಇಲ್ಲದೆ ಇನ್ನೊಂದು ಪೂರ್ತಿ ಅರ್ಥವಾಗುವುದಿಲ್ಲ. ನನ್ನನ್ನು ಕೇಳಿದರೆ ಎರಡನ್ನೂ ಒಂದೇ ಸ್ಮಾರಕ ಎಂದು ಪರಿಗಣಿಸಿ, ನಕ್ಷೆಗಳನ್ನೂ ಅಳತೆಯ ದಾಖಲೆಗಳನ್ನೂ ಒಂದೇ ಕಡೆ ಇಡಬೇಕು. ಓತೇಯ್‌ಗೆ ಹೋಗುವ ಅವಕಾಶ ಸಿಕ್ಕವರು ಮೊದಲು ಫ್ಯಾನ್ ಹತ್ತಿರ ಹೋಗಬೇಡಿ. ಆಲಿಕೆಯ ಬಾಯಿಯಿಂದ ಶುರುಮಾಡಿ ಗಾಳಿ ಹೋಗುವ ದಿಕ್ಕಿನಲ್ಲೇ ನಡೆಯಿರಿ: ಚೇಂಬರ್, ಡಿಫ್ಯೂಸರ್, ಫ್ಯಾನ್, ಆಮೇಲೆ ಹಾಲ್‌ನ ಬದಿಯಿಂದ ವಾಪಸು.